ನೋಡದೆ ಕೇಳುವ ಚಿತ್ರ

ಚಲನಚಿತ್ರವೆಂದರೆ ಕಣ್ಣಿಗೆ ಸಂಬಂಧಿಸಿದ ವಿಷಯವೆಂದು ಲೋಕವೆಲ್ಲ ಒಪ್ಪಿದೆ. ಆದರೆ ಪರದೆಗೆ ಬೆನ್ನು ಹಾಕಿ, ಪಾತ್ರೆ ತೊಳೆಯುತ್ತಲೋ ಬಟ್ಟೆಗೆ ಇಸ್ತ್ರಿ ಮಾಡುತ್ತಲೋ, ಚಿತ್ರದ ವಿಷಯವಾಗಿ ಯಾರೋ ಆಡಿದ ಮಾತನ್ನು ಆದ್ಯಂತವಾಗಿ ಕೇಳುವವರೂ ಉಂಟು. ಇಂಥ ಕೇಳುಗರು ಅಮೆರಿಕದಲ್ಲಿ ವಿರಳರಲ್ಲ. ಅವರಿಗೆ ಬೇಕಾದುದು ಚಿತ್ರದ ಸಂಭಾಷಣೆಯಲ್ಲ, ಸಂಗೀತವೂ ಅಲ್ಲ, ಚಿತ್ರದ ವ್ಯಾಖ್ಯಾನ.

ಗಮಕವನ್ನು ಕೇಳಿ ಬಲ್ಲ ಕನ್ನಡಿಗರಿಗೆ ಈ ಏರ್ಪಾಟು ಹೊಸದೆನಿಸಲಾರದು. ಗಮಕಿಗಳು ಕುಮಾರವ್ಯಾಸನ ಪದ್ಯವನ್ನು ರಾಗವಾಗಿ ವಾಚಿಸುತ್ತಾರೆ. ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರರು ಅದರ ಅರ್ಥವನ್ನು ಬಿಡಿಸಿ ಹೇಳುತ್ತಾರೆ. ಚಿತ್ರದ ವ್ಯಾಖ್ಯಾನವೂ ಹೀಗೆಯೇ. ಭೇದವೆಂದರೆ, ಇಲ್ಲಿ ವಾಚನವು ವ್ಯಾಖ್ಯಾನಕ್ಕಾಗಿ ನಿಲ್ಲುವುದಿಲ್ಲ. ಪರದೆಯ ಮೇಲೆ ಕಥೆ ಸಾಗುತ್ತಿರುವಾಗಲೇ ನಿರ್ದೇಶಕನೋ ನಟನೋ ವಿದ್ವಾಂಸನೋ ಅದನ್ನು ನೋಡುತ್ತ ಮಾತನಾಡುತ್ತಾನೆ. ಅರಮನೆಯ ಗೋಡೆ ಬರಿಯ ಬಣ್ಣ ಬಳಿದ ಬಟ್ಟೆಯೆಂಬುದೂ, ನಾಯಿಕೆ ನಕ್ಕ ದಿನ ಅವಳಿಗೆ ಜ್ವರವಿತ್ತೆಂಬುದೂ ಹೊರಬೀಳುವುದು ಇಂಥ ಮಾತಿನಲ್ಲಿಯೇ.

ಇದರ ಆರಂಭ 1984ರಲ್ಲಿ. ಆಗ ಲೇಸರ್ ಡಿಸ್ಕ್ ಎಂಬ, ಒಂದು ಅಡಿ ಅಗಲದ ಹೊಳೆಯುವ ತಟ್ಟೆಗಳಲ್ಲಿ ಚಿತ್ರಗಳು ಮನೆಗಳಿಗೆ ಬರುತ್ತಿದ್ದವು. ತಟ್ಟೆಯಲ್ಲಿ ಧ್ವನಿಗೆಂದು ಎರಡು ಪಥಗಳಿದ್ದವು. ಹಳೆಯ ಚಿತ್ರಕ್ಕೆ ಒಂದೇ ಸಾಕಾಗಿ, ಇನ್ನೊಂದು ಖಾಲಿ ಉಳಿಯುತ್ತಿತ್ತು. ಕ್ರೈಟೀರಿಯನ್ ಎಂಬ ಸಂಸ್ಥೆಯವರು 1933ರ 'ಕಿಂಗ್ ಕಾಂಗ್' ಚಿತ್ರವನ್ನು ಹೊರತಂದಾಗ ಈ ಹೆಚ್ಚಿನ ಪಥದಲ್ಲಿ ರೊನಾಲ್ಡ್ ಹೇವರ್ ಅವರ ಮಾತನ್ನು ಸೇರಿಸಿದರು. ಹೇವರ್ ಲಾಸ್ ಏಂಜಲೀಸಿನ ಕಲಾ ವಸ್ತುಸಂಗ್ರಹಾಲಯದಲ್ಲಿ ಚಲನಚಿತ್ರಗಳ ಹೊಣೆ ಹೊತ್ತವರು. ಹಳೆಯ ಚಿತ್ರಗಳ ಚರಿತ್ರೆಯನ್ನು ಬಾಯಲ್ಲೇ ಇಟ್ಟುಕೊಂಡವರು. ಬಾಡಿಗೆಗೆ ಹೋಗದ ಕೋಣೆಗೆ ಮಾತುಗಾರ ನೆಂಟನೊಬ್ಬ ಬಂದು ನೆಲೆಸಿದಂತಾಯಿತು! ಮುಂದೆ 1997ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಡಿವಿಡಿಯಲ್ಲಿ 8 ಧ್ವನಿಪಥಗಳಿಗೆ ಎಡೆಯಿದ್ದಿತು. ಅಲ್ಲಿಂದ ವ್ಯಾಖ್ಯಾನಕ್ಕೆ ಸುಗ್ಗಿ.

ಚಿತ್ರದ ಮೂಲ ಧ್ವನಿ ಮನೆಗೆಲಸಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಒಂದು ಗಳಿಗೆ ನಿಶ್ಶಬ್ದ, ಮರುಗಳಿಗೆ ಗುಂಡಿನ ಸದ್ದು. ಕೈಯಲ್ಲಿದ್ದ ಲೋಟ ನೆಲಕ್ಕೆ! ವ್ಯಾಖ್ಯಾನದ ದನಿಯಾದರೋ ಒಂದೇ ಹದದಲ್ಲಿ ಹರಿಯುತ್ತದೆ. ಕ್ರಿಕೆಟ್ಟಿನ ವೀಕ್ಷಕ ವಿವರಣೆಗೆ ರೇಡಿಯೋ ಹಚ್ಚಿಟ್ಟು ತಮ್ಮ ಕೆಲಸ ಮಾಡಿಕೊಳ್ಳುತ್ತಿದ್ದವರಿಗೆ ಈ ಸುಖ ತಿಳಿದೇ ಇದೆ. ಹತ್ತು ಸಲ ನೋಡಿದ ಚಿತ್ರವಾದರೆ ಕಣ್ಣಿನ ಅಗತ್ಯವೇ ಬೀಳದು. ದೃಶ್ಯವೆಲ್ಲ ಮನಸ್ಸಿನಲ್ಲಿಯೇ ಓಡುತ್ತಿರುತ್ತದೆ. ಒಂಟಿಯಾಗಿರುವವರಿಗೆ ಮನೆಯಲ್ಲಿ ಇನ್ನೊಬ್ಬರು ಇದ್ದಾರೆಂಬ ಸಮಾಧಾನವೂ ಉಂಟು.

"ಅರ್ಧ ಕಿವಿಯಿಂದ ಕೇಳುವುದು ಕೇಳಿದಂತೆಯೇ? ವಿದ್ವಾಂಸನಿಗೆ ಇದು ಅಗೌರವವಲ್ಲವೆ?" ಎಂದು ಹಿರಿಯರು ಆಕ್ಷೇಪಿಸಬಹುದು. ಆಕ್ಷೇಪಣೆ ನ್ಯಾಯವಾದುದೇ. ಆದರೆ ಇಂಥ ಮಾತಿನ ಬೆಲೆ ಎಷ್ಟೆಂಬುದು ಕೆಲವೊಮ್ಮೆ ತಡವಾಗಿ ತಿಳಿಯುತ್ತದೆ.

ರೋಜರ್ ಈಬರ್ಟ್ ಚಿಕಾಗೋ ನಗರದ ಪತ್ರಿಕೆಯೊಂದರಲ್ಲಿ 1967ರಿಂದ ಚಿತ್ರವಿಮರ್ಶೆ ಬರೆದವರು. 1975ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದವರು. ಟೆಲಿವಿಷನ್ನಿನಲ್ಲಿ ವಾದಿಸಿ ಮನೆಮಾತಾದವರು. 1941ರ 'ಸಿಟಿಜನ್ ಕೇನ್', 1942ರ 'ಕಾಸಾಬ್ಲಾಂಕಾ' ಮೊದಲಾದ ಚಿತ್ರಗಳಿಗೆ ಅವರು ವ್ಯಾಖ್ಯಾನ ಹೇಳಿದ್ದರು. 2006ರಲ್ಲಿ ಕ್ಯಾನ್ಸರಿನ ನಿಮಿತ್ತ ನಡೆದ ಶಸ್ತ್ರಚಿಕಿತ್ಸೆಯ ಬಳಿಕ ಅವರ ಮಾತು ನಿಂತುಹೋಯಿತು. ಬರೆದುದನ್ನು ಗಣಕಯಂತ್ರ ಓದಿ ಹೇಳುತ್ತಿತ್ತು; ಆದರೆ ಆ ದನಿ ಯಾರದೋ ಅಪರಿಚಿತನದು.

ಆಗ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಸೆರೆಪ್ರಾಕ್ ಸಂಸ್ಥೆಯವರು ಅವರ ಸ್ವಂತ ದನಿಯನ್ನೇ ಕಟ್ಟಿಕೊಡಲು ಮುಂದಾದರು. ಅದಕ್ಕೆ ಈಬರ್ಟ್ ಹಿಂದೆ ಆಡಿದ ಮಾತು ಬೇಕಾಗಿತ್ತು, ಅದೂ ಗಂಟೆಗಟ್ಟಲೆ. ಟೆಲಿವಿಷನ್ನಿನಲ್ಲಿ ಅವರ ಮಾತಿನ ಮೇಲೆ ಎದುರಾಳಿಯ ಮಾತು ಬೀಳುತ್ತಿತ್ತು. ವ್ಯಾಖ್ಯಾನದಲ್ಲಾದರೋ ಅವರು ಒಬ್ಬರೇ ಕುಳಿತು, ಅವಸರವಿಲ್ಲದೆ ಮಾತನಾಡಿದ್ದರು. ಜನ ಪಾತ್ರೆ ತೊಳೆಯುತ್ತ ಕೇಳಬಹುದಾಗಿದ್ದ ಆ ಮಾತುಗಳಿಂದಲೇ ಅಕ್ಷರದ ಸದ್ದುಗಳನ್ನು ಆಯ್ದು, ಜೋಡಿಸಿ, ಅವರ ದನಿಯನ್ನು ಮರಳಿ ಕಟ್ಟಿದರು. 2010ರ ಮಾರ್ಚ್ ತಿಂಗಳಲ್ಲಿ ಓಪ್ರಾ ವಿನ್‌ಫ್ರಿ ಅವರ ಟೆಲಿವಿಷನ್ ಕಾರ್ಯಕ್ರಮದಲ್ಲಿ ಈಬರ್ಟ್ ಅದನ್ನು ಕೇಳಿಸಿದಾಗ ಅವರ ಪತ್ನಿ ಚಾಜ್ ಜೊತೆಯಲ್ಲಿದ್ದರು. ದನಿಯ ಏರಿಳಿತ ಪೂರ್ತಿ ಸಹಜವಾಗಿರಲಿಲ್ಲ, ನಿಜ. ಆದರೂ ಅದು ಅವರದೇ ದನಿ.

ಹೇವರ್ 1993ರಲ್ಲಿ, ಈಬರ್ಟ್ 2013ರಲ್ಲಿ ತೀರಿಕೊಂಡರು. ಇಂದು ಚಿತ್ರಗಳು ತಟ್ಟೆಯಿಲ್ಲದೆಯೇ ಮನೆಗೆ ಬರುತ್ತವೆ. ಎಷ್ಟೋ ಸಲ ವ್ಯಾಖ್ಯಾನವನ್ನು ಹಿಂದೆಯೇ ಬಿಟ್ಟು ಬರುತ್ತವೆ. ಹಳೆಯ ತಟ್ಟೆಗಳನ್ನು ಗುಜರಿಗೆ ಹಾಕುವ ಮುನ್ನ ಅವುಗಳಲ್ಲಿ ಯಾರ ದನಿ ಇದೆಯೆಂದು ಒಮ್ಮೆ ನೋಡುವುದು ಒಳ್ಳೆಯದು.

ಸಿನಿಮಾದ ಮಾತು ಹಾಗಿರಲಿ. ಮದುವೆಯ ಹಳೆಯ ಆಲ್ಬಮ್ಮನ್ನು ಬಿಡಿಸಿ, "ಇವನು ನಿಮ್ಮ ಸೋದರಮಾವ, ಆವತ್ತು ಹಪ್ಪಳಕ್ಕಾಗಿ ಮುನಿಸಿಕೊಂಡಿದ್ದ" ಎಂದು ಬೆರಳಿಟ್ಟು ತೋರಿಸುವ ಅಜ್ಜಿ ಪ್ರತಿ ಮನೆಯಲ್ಲಿಯೂ ವ್ಯಾಖ್ಯಾನಕಾರಳೇ. ಮಕ್ಕಳು ಅರ್ಧ ಕಿವಿಯಲ್ಲಿ ಕೇಳುತ್ತ ಆಟವಾಡಿಕೊಂಡಿರುತ್ತಾರೆ, ಆಡಲಿ. ಆದರೆ ಧ್ವನಿಮುದ್ರಣ ಮಾಡಬಲ್ಲ ಫೋನು ಈಗ ಎಲ್ಲರ ಕೈಯಲ್ಲಿಯೂ ಇದೆ. ಅದನ್ನು ಆಲ್ಬಮ್ಮಿನ ಪಕ್ಕದಲ್ಲಿ ಇಟ್ಟರೆ ಅಜ್ಜಿಯೇನೂ ಬೇಡವೆನ್ನಲಾರಳು.