ಬೆಳ್ಳಿ ಚುಕ್ಕಿಯಿಂದ ಪಾಠ ಶುರುವಾಗಲಿ

ಶುಕ್ರ ಗ್ರಹದ ಪಾಠವನ್ನು ಕೋಷ್ಟಕದಿಂದ ಆರಂಭಿಸಬಾರದು ಎಂಬುದು ನನ್ನ ಅಭಿಪ್ರಾಯ. ನಮ್ಮ ಮಾಯಕೊಂಡದ ಕಡೆ ಹಿರಿಯರು ‘ಬೆಳ್ಳಿ ಮೂಡಿತು’ ಎನ್ನುತ್ತಾರಲ್ಲ, ಆ ಬೆಳ್ಳಿ ಚುಕ್ಕಿಯೇ ಶುಕ್ರ. ಪಾಠ ಅಲ್ಲಿಂದ ತೊಡಗಲಿ.

ಶುಕ್ರ ಸೂರ್ಯನನ್ನು ಸುತ್ತಲು 225 ದಿನ ಸಾಕು; ತನ್ನ ಸುತ್ತ ಒಮ್ಮೆ ತಿರುಗಲು 243 ದಿನ ಬೇಕು. ಇದಕ್ಕೆ ಮಕ್ಕಳು ಬೆರಗಾಗುತ್ತಾರೆ. ಆದರೆ ಪಾಠ ಬೆರಗಿಗೇ ನಿಲ್ಲಬಾರದು. ಸೂರ್ಯನಿಗೆ ಹತ್ತಿರವಿರುವುದು ಬುಧ. ಹೆಚ್ಚು ಬಿಸಿಯಾಗಿರುವುದು ಮಾತ್ರ ಶುಕ್ರ, ಸುಮಾರು 465 ಡಿಗ್ರಿ ಸೆಲ್ಸಿಯಸ್. ಏಕೆಂದು ಕೇಳಿ, ಮಕ್ಕಳನ್ನು ಯೋಚಿಸಲು ಬಿಡಬೇಕು. ಅಲ್ಲಿನ ದಟ್ಟ ವಾತಾವರಣದಲ್ಲಿ ಶೇ. 96ರಷ್ಟು ಇಂಗಾಲದ ಡೈಆಕ್ಸೈಡ್ ಇದೆ. ಅದು ಶಾಖವನ್ನು ಹಿಡಿದಿಡುತ್ತದೆ. ಅದೇ ಅನಿಲ ನಮ್ಮ ಗಾಳಿಯಲ್ಲೂ ಹೆಚ್ಚುತ್ತಿದೆ. ಮಳೆ ನಂಬಿದ ರೈತರ ಮಕ್ಕಳಿಗೆ ಈ ‘ಏಕೆ’ ಒಂದು ಅಂಕದ ಪ್ರಶ್ನೆಗಿಂತ ದೊಡ್ಡದು.