ಶಾಲು ಹೊದಿಸಿದಿರಿ, ಬೈಲಾ ಕೊಟ್ಟಿರಾ?

ಸರ್ವಸದಸ್ಯರ ಸಭೆ ಮುಗಿಯಿತು. ಸಂಘದ ಹೊಸ ನಿರ್ದೇಶಕರಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಫೋಟೊ ಆಯಿತು, ಉಪ್ಪಿಟ್ಟು-ಕೇಸರಿಬಾತೂ ಆಯಿತು. ಬೈಲಾದ ಪ್ರತಿ ಮಾತ್ರ ಯಾರ ಕೈಗೂ ಬರಲಿಲ್ಲ. ಕೇಳಿದರೆ ಕಾರ್ಯದರ್ಶಿಗಳು ನಗುತ್ತಾರೆ: ‘ಅದೆಲ್ಲ ಯಾಕೆ ಸಾರ್, ನಾವಿದೀವಲ್ಲ!’

ನಾನೂ ಹಾಗೆ ಶಾಲು ಹೊದ್ದವನೇ. ಮೊದಲ ಸಭೆಯಲ್ಲೇ ನಡಾವಳಿ ಪುಸ್ತಕ ಮುಂದೆ ಬಂತು. ಸಹಿಯ ಜಾಗಕ್ಕೆ ಪೆನ್ಸಿಲಿನ ಗುರುತು. ಮೇಲೆ ಅರ್ಧ ಪುಟ ಖಾಲಿ. ‘ಠರಾವು ಆಮೇಲೆ ಬರ್ಕೋತೀವಿ.’ ಹಾಕಿಬಿಟ್ಟೆ. ಪಕ್ಕದ ಹಿರಿಯರು ನನಗಿಂತ ಬೇಗ ಹಾಕಿದರು, ಅವರ ಕಣ್ಣು ಬೋಂಡದ ತಟ್ಟೆಯ ಮೇಲಿತ್ತು. ಆ ಅರ್ಧ ಪುಟದಲ್ಲಿ ನಿಶ್ಚಿತ ಠೇವಣಿ ಮುರಿದು ಗುತ್ತಿಗೆದಾರನಿಗೆ ಮುಂಗಡ ಕೊಡುವ ಠರಾವು ಕೂತಿದೆಯೆಂದು ತಿಳಿಯುವಷ್ಟರಲ್ಲಿ ಎಂಟು ತಿಂಗಳು ಕಳೆದಿತ್ತು. ತಪ್ಪು ಅವರದಷ್ಟೇ ಅಲ್ಲ, ಓದದೆ ಸಹಿ ಮಾಡಿದ ನನ್ನದೂ ಹೌದು.

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಈ ದಾಕ್ಷಿಣ್ಯವಿಲ್ಲ. ವಾರ್ಷಿಕ ಸಭೆಯಾದ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನು ಲೆಕ್ಕಪತ್ರದೊಂದಿಗೆ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಹೊಸಬರ ಹೆಸರೂ ಅದರಲ್ಲೇ. ನಾಳೆ 25ನೇ ಕಲಮಿನಡಿ ವಿಚಾರಣೆ ಬಂದರೆ ‘ನಾನು ಮೊನ್ನೆ ಬಂದವನು’ ಎಂಬ ಮಾತನ್ನು ಯಾರು ಕೇಳುತ್ತಾರೆ? ಆದಾಯ ತೆರಿಗೆ ವಿನಾಯಿತಿಯ 12ಎ ನೋಂದಣಿಯೂ ಒಮ್ಮೆ ಸಿಕ್ಕರೆ ಮುಗಿಯಿತು ಎನ್ನುವ ಕಾಲ 2021ಕ್ಕೇ ಹೋಯಿತು, ಅವಧಿ ತೀರುವ ಮೊದಲೇ ನವೀಕರಿಸಬೇಕು. ನಿಮ್ಮದು ಎಂದು ತೀರುತ್ತದೆ? ‘ಆಡಿಟರಿಗೆ ಗೊತ್ತು’ ಎನ್ನುತ್ತೀರಿ. ಆಡಿಟರಿಗೆ ನೂರು ಸಂಘ, ಸ್ವಾಮಿ.

ಇನ್ನು ಉತ್ಸಾಹಿ ಹೊಸಬರು. ಅಮೆರಿಕದ ಪ್ರಜೆಯಾಗಿರುವ ಅಳಿಯನಿಂದ ಸಂಘದ ಊರಿನ ಖಾತೆಗೇ ದುಡ್ಡು ಹಾಕಿಸುತ್ತೇನೆ ಎಂದು ಹೊರಡುತ್ತಾರೆ. ವಿದೇಶಿ ದೇಣಿಗೆಗೆ ಎಫ್‌ಸಿಆರ್‌ಎ ಅನುಮತಿ ಬೇಕು, 2020ರ ತಿದ್ದುಪಡಿಯ ಮೇಲೆ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಗೇ ಬರಬೇಕು ಎಂದು ಅವರಿಗೆ ಹೇಳಿದವರಾರು? ಚಪ್ಪಾಳೆ ಮಾತ್ರ ತಟ್ಟಿದಿರಿ.

ಕೇಳುತ್ತಿರುವುದು ದೊಡ್ಡದೇನಲ್ಲ. ಬೈಲಾ, ಮೂರು ವರ್ಷದ ಆಡಿಟ್ ವರದಿ, ಕಳೆದ ವರ್ಷದ ನಡಾವಳಿ, ಬ್ಯಾಂಕ್ ಖಾತೆಗಳ ಪಟ್ಟಿ, ಖಜಾಂಚಿಯ ಜೊತೆ ಒಂದು ಮಧ್ಯಾಹ್ನ. ಶಾಲಿನ ಖರ್ಚಿಗಿಂತ ಜೆರಾಕ್ಸ್ ಖರ್ಚು ಕಡಿಮೆ.

ಕಳೆದ ವಾರ ಒಂದು ಸಂಘದಲ್ಲಿ ಹೊಸ ಸದಸ್ಯೆಯೊಬ್ಬರು ಇದನ್ನೇ ಕೇಳಿದರು. ಕಡತ ಬೀರುವಿನಲ್ಲಿದೆಯಂತೆ. ಬೀಗದ ಕೈ ಕಾರ್ಯದರ್ಶಿಗಳ ಬಳಿ. ಕಾರ್ಯದರ್ಶಿಗಳು ಮದುವೆಗೆ ಹೋಗಿದ್ದರು.