ಪುಟ್ಟ ಇಂಜಿನ್ನೂ ತ್ರೈರಾಶಿಕವೂ

ಕಳೆದ ಬೇಸಗೆಯ ರಜದಲ್ಲಿ ಹದಿಮೂರು ವಯಸ್ಸಿನ ನಮ್ಮ ಮೊಮ್ಮಗನು ರೈಲು ಇಂಜಿನ್ನಿನ ಮಾದರಿಯೊಂದನ್ನು ಕಟ್ಟಲು ತೊಡಗಿದನು. ಅವನು ಮನಸೋತದ್ದು ಡಾರ್ಜಿಲಿಂಗಿನ ಬೆಟ್ಟದ ರೈಲಿಗೆ. 1881ರಲ್ಲಿ ಪೂರ್ತಿಯಾದ ಆ ಮಾರ್ಗದಲ್ಲಿ ಹಳಿಗಳ ನಡುವಣ ಅಂತರವು ಎರಡೇ ಅಡಿ. ಗಾಡಿಯು ಘೂಮ್ ನಿಲ್ದಾಣದಲ್ಲಿ ಸಮುದ್ರಮಟ್ಟಕ್ಕಿಂತ 2,258 ಮೀಟರು ಎತ್ತರವನ್ನು ಮುಟ್ಟುವುದು. ಅಲ್ಲಿನ ಉಗಿ ಇಂಜಿನ್ನುಗಳ ಕೀರ್ತಿಯನ್ನು ವಾಚಕರು ಕೇಳಿಯೇ ಇರುವರು. ಈಗ ಡೀಸೆಲ್ ಇಂಜಿನ್ನುಗಳೂ ಅಲ್ಲಿ ದುಡಿಯುತ್ತಿವೆ. ಅವುಗಳಲ್ಲಿ ಎನ್.ಡಿ.ಎಂ. 6 ಎಂಬ ವರ್ಗದವು ನಮ್ಮ ಬೆಂಗಳೂರಿನಲ್ಲಿಯೇ ತಯಾರಾದುವೆಂದು ತಿಳಿದ ಮೇಲೆ ಹುಡುಗನಿಗೆ ಬೇರೊಂದು ಹಿಡಿಸಲಿಲ್ಲ.

ಅಳತೆಯ ಭಾರವನ್ನು ನಾವು ವಹಿಸಿಕೊಂಡೆವು. ನಿಜವಾದ ಒಂದು ಅಡಿಗೆ ಮಾದರಿಯಲ್ಲಿ 16 ಮಿಲಿಮೀಟರೆಂದು ಎಣಿಸುವುದು ಇಂತಹ ಕೆಲಸದಲ್ಲಿ ರೂಢಿ. ಎಂದರೆ ಸುಮಾರು 19ರಲ್ಲಿ ಒಂದು ಪಾಲು. ಪ್ರಮಾಣವು ಒಂದು ಅಡಿ, ಫಲವು 16, ಇಚ್ಛೆಯು ಎರಡು ಅಡಿ. ಆದುದರಿಂದ ಹಳಿಗಳ ಅಂತರವು 32 ಮಿಲಿಮೀಟರು. ಭಾಸ್ಕರಾಚಾರ್ಯರ ‘ಲೀಲಾವತಿ’ಯ ತ್ರೈರಾಶಿಕವು ರೈಲಿಗೂ ಒದಗಿತೆಂದು ನಮಗೆ ಹೆಮ್ಮೆಯಾಯಿತು. ಹುಡುಗನು ಮೊದಲು ರಟ್ಟಿನಲ್ಲಿ ಕತ್ತರಿಸಿ ಜೋಡಿಸಿ ನೋಡಿ, ಆಮೇಲೆ ಪ್ಲಾಸ್ಟಿಕ್ ಹಾಳೆಯಲ್ಲಿ ಮೈಯನ್ನು ಕಟ್ಟಿದನು. ಹಿತ್ತಾಳೆಯ ತಂತಿಯು ಹಿಡಿಕಂಬಿಯಾಯಿತು. ಒಳಗೆ ಸಣ್ಣ ಮೋಟಾರನ್ನೂ ಹಲ್ಲುಚಕ್ರಗಳನ್ನೂ ಕೂರಿಸಿದನು.

ಪರೀಕ್ಷೆಯ ದಿನ ಮನೆಮಂದಿಯೆಲ್ಲರೂ ನಡುಮನೆಯಲ್ಲಿ ನೆರೆದರು. ಸಮನೆಲದಲ್ಲಿ ಇಂಜಿನ್ನು ಚೆನ್ನಾಗಿ ಓಡಿತು. ಹಲಗೆಯ ತುದಿಗೆ ಮಣೆಯನ್ನಿಟ್ಟು ಏರುಹಾದಿ ಮಾಡಿ, ಮರದ ಮೂರು ಬೋಗಿಗಳನ್ನು ಸೇರಿಸಿದಾಗ ಚಕ್ರಗಳು ನಿಂತಲ್ಲಿಯೇ ಗಿರ್ರನೆ ತಿರುಗಿದುವು, ಗಾಡಿಯು ಅಲುಗಲಿಲ್ಲ.

“ನಿನ್ನ ಅಳತೆ ಎಲ್ಲೋ ತಪ್ಪಿರಬೇಕು” ಎಂದೆವು ನಾವು. ಎಲ್ಲರೆದುರಿಗೆ ಪ್ರತಿಯೊಂದು ಭಾಗವನ್ನೂ ಮತ್ತೆ ಅಳೆಯಿಸಿದೆವು. ತಪ್ಪು ಸಿಕ್ಕಲಿಲ್ಲ. ಹುಡುಗನ ಕಣ್ಣಲ್ಲಿ ನೀರಾಡಿತು. ಎರಡು ದಿನ ಅವನು ಅದನ್ನು ಮುಟ್ಟಲೂ ಇಲ್ಲ, ನಮ್ಮೊಡನೆ ಮಾತನಾಡಲೂ ಇಲ್ಲ.

ಮೂರನೆಯ ದಿನ ಅಡಿಗೆಮನೆಯ ಹಳೆಯ ತಕ್ಕಡಿಯಿಂದ ಕಬ್ಬಿಣದ ಬಟ್ಟುಗಳೆರಡನ್ನು ತಂದು ಇಂಜಿನ್ನಿನೊಳಗೆ ಇಟ್ಟನು. ಗಾಡಿಯು ಏರನ್ನು ಹತ್ತಿತು! “ತಾತ, ಅಳತೆ ಸರಿಯಾಗಿಯೇ ಇತ್ತು, ತೂಕ ಸಾಲದಾಗಿತ್ತು” ಎಂದನು.

ಕಾರಣವು ಸುಲಭವಾದುದು. ಉದ್ದ, ಅಗಲ, ಎತ್ತರಗಳು ಒಂದೊಂದೂ 19ರಲ್ಲಿ ಒಂದಾದರೆ, ಮೈಯ ವಿಸ್ತೀರ್ಣವು 361ರಲ್ಲಿ ಒಂದು, ಘನಫಲವು 6,859ರಲ್ಲಿ ಒಂದು ಆಗುವುದು. ಹತ್ತು ಟನ್ ತೂಗುವ ಇಂಜಿನ್ನನ್ನು ಅದೇ ಲೋಹದಲ್ಲಿ ಯಥಾವತ್ತಾಗಿ ಕುಗ್ಗಿಸಿದರೂ ಒಂದೂವರೆ ಕಿಲೋಗ್ರಾಮಿಗೆ ಇಳಿಯುವುದು. ನಮ್ಮದಾದರೋ ಪ್ಲಾಸ್ಟಿಕ್ಕಿನ ಪೊಳ್ಳು ಗೂಡು. ಚಕ್ರವು ಹಳಿಯನ್ನು ಹಿಡಿಯುವುದು ಮೇಲಿನ ಭಾರದಿಂದ. ಆ ಭಾರವನ್ನು ಆದಷ್ಟು ಕೆಳಗೆ, ಎಲ್ಲ ಚಕ್ರಗಳ ಮೇಲೂ ಸಮವಾಗಿ ಬೀಳುವಂತೆ ಇಡಬೇಕು. ಇಲ್ಲವಾದರೆ ತಿರುವಿನಲ್ಲಿ ಮಗುಚೀತು.

ತ್ರೈರಾಶಿಕವನ್ನು ನಾವು ಮೂವತ್ತು ವರ್ಷ ಪಾಠ ಹೇಳಿದೆವು. ಅದು ಎಲ್ಲಿ ಸಲ್ಲುವುದಿಲ್ಲವೆಂಬುದನ್ನು ಒಬ್ಬ ವಿದ್ಯಾರ್ಥಿಗೂ ಮನಗಾಣಿಸಿದ ನೆನಪಿಲ್ಲ. ಉತ್ತರವು ಕೂಡಿಬಾರದಾಗ ಹುಡುಗರ ಲೆಕ್ಕವನ್ನೇ ಶಂಕಿಸಿದೆವು. ಅಂದು ಎಷ್ಟು ಮಂದಿ ತಪ್ಪಿಲ್ಲದೆ ತಲೆತಗ್ಗಿಸಿದರೋ! ಅವರೆಲ್ಲರಿಗೂ ಹೇಳಲಾರದ ಮಾತನ್ನು ಮೊಮ್ಮಗನಿಗೆ, ಮನೆಮಂದಿಯ ಎದುರಿನಲ್ಲಿಯೇ, ಹೇಳಿದೆವು: “ತಪ್ಪು ನಮ್ಮದು, ಮಗು.”

ಬಟ್ಟುಗಳು ಇನ್ನೂ ಇಂಜಿನ್ನಿನಲ್ಲಿಯೇ ಇವೆ. ಅಡಿಗೆಮನೆಯಿಂದ ಆಗಾಗ ಆಕ್ಷೇಪಣೆ ಬರುತ್ತಿದೆ.